ಯಾವ ಆಸ್ಪತ್ರೆ ಒಳ್ಳೇದು? ರಾತ್ರಿ ಹತ್ತಕ್ಕೆ ಹೋಗಿ ನೋಡಿ

ಮೈಸೂರಿನಲ್ಲಿ ಮನೆಯವರಿಗೆ ಹುಷಾರು ತಪ್ಪಿದರೆ ಮೊದಲು ಸಲಹೆ ಕೇಳುವುದು ಪಕ್ಕದ ಅಂಗಡಿಯವರನ್ನು. 'ಎಲ್ಲಿಗೆ ಸೇರಿಸೋದು ಸಾರ್?' ಅವರು ಒಂದು ಹೆಸರು ಹೇಳುತ್ತಾರೆ. ಆಟೋದವನು ಇನ್ನೊಂದು ಹೇಳುತ್ತಾನೆ. ಮೆಡಿಕಲ್ ಸ್ಟೋರಿನವನದು ಮೂರನೆಯದು. ಸಬರ್ಬನ್ ಸ್ಟ್ಯಾಂಡಿನಲ್ಲಿ ಗುಂಡ್ಲುಪೇಟೆ ಬಸ್ಸಿಗೆ ಕಾದು ನಿಂತವರನ್ನು ಕೇಳಿದರೆ ನಾಲ್ಕನೆಯದು ಹೊರಬೀಳುತ್ತದೆ. ಒಂದೊಂದು ಹೆಸರಿನ ಹಿಂದೆಯೂ ಒಂದೊಂದು ಕಥೆ. ಅಲ್ಲಿ ನಮ್ಮ ಭಾವಮೈದ ಬದುಕಿ ಬಂದ, ಇಲ್ಲಿ ನಮ್ಮತ್ತೆ ಹೋಗಿಬಿಟ್ಟರು. ಊರಿನ ಆಸ್ಪತ್ರೆಗಳ ಹೆಸರು ಏಳುವುದೂ ಬೀಳುವುದೂ ಈ ಬಾಯಿಮಾತಿನ ಮೇಲೆಯೇ.

ಒಂದು ಮಿಕ್ಸಿ ಕೊಳ್ಳುವವರು ನಾಲ್ಕು ಅಂಗಡಿ ತಿರುಗಿ ರೇಟು ವಿಚಾರಿಸುತ್ತಾರೆ. ಆಸ್ಪತ್ರೆಯ ವಿಷಯದಲ್ಲಿ ಮಾತ್ರ ಒಂದೇ ಮಾತಿಗೆ ಹೊರಟುಬಿಡುತ್ತಾರೆ. ಎದೆ ಹಿಡಿದುಕೊಂಡು ಕೂತವರನ್ನು ಮುಂದಿಟ್ಟುಕೊಂಡು ನಾಲ್ಕು ಕಡೆ ವಿಚಾರಿಸಲು ಆಗುತ್ತದೆಯೇ? ಅದಕ್ಕೇ ಈ ಲೆಕ್ಕವನ್ನು ಪುರುಸೊತ್ತಿದ್ದಾಗ ಹಾಕಿಟ್ಟುಕೊಳ್ಳಬೇಕು. ಲೆಕ್ಕಕ್ಕೆ ಬೇಕಾದ್ದು ಮೂರು ಸಂಗತಿ: ಆಸ್ಪತ್ರೆಯಲ್ಲಿ ಕೈ ಎಷ್ಟಿವೆ, ದುಡ್ಡು ಎಷ್ಟು ಹೋಗುತ್ತೆ, ಹೋಗಿ ಬಂದವರು ಏನಂತಾರೆ. ಆದರೆ ಈ ಮೂರನ್ನೂ ಜನ ಅಳೆಯುವ ಮಾನವೇ ಬೇರೆ, ಅಳೆಯಬೇಕಾದ ಮಾನವೇ ಬೇರೆ.

ಹಾಸನದವರು ಬಂದ ದಾರಿ

2025ರ ಜೂನ್ ಕೊನೆ, ಜುಲೈ ಮೊದಲ ವಾರಗಳನ್ನು ಜ್ಞಾಪಿಸಿಕೊಳ್ಳಿ. ಹಾಸನ ಜಿಲ್ಲೆಯಲ್ಲಿ ನಲವತ್ತು ದಿನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಹೋದರು ಎಂಬ ಸುದ್ದಿ ಹಬ್ಬಿತು. ಅದರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಮಾರನೇ ದಿನದಿಂದ ಮೈಸೂರಿನ ಕೆ.ಆರ್.ಎಸ್. ರಸ್ತೆಯ ಜಯದೇವ ಹೃದ್ರೋಗ ಆಸ್ಪತ್ರೆ ಮುಂದೆ ಬೆಳಗಿನ ಜಾವಕ್ಕೇ ಸಾಲು. ನೋವಿದ್ದವರು ಬಂದರು, ನೋವಿಲ್ಲದವರೂ ಬಂದರು. ಹಾಸನದವರು, ಮಂಡ್ಯದವರು, ಚಾಮರಾಜನಗರದವರು, ಸುಮ್ಮನೆ ಒಂದು ಇ.ಸಿ.ಜಿ. ತೆಗೆಸಿಕೊಂಡು ಹೋಗೋಣ ಎಂದು ಬಂದ ಮೈಸೂರಿನವರು. ಜಯದೇವದ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಪರಿಶೀಲಿಸಿ, ಹಾಸನದಲ್ಲಿ ಹೃದಯಾಘಾತದ ಪ್ರಮಾಣವೇನೂ ಏಕಾಏಕಿ ಏರಿಲ್ಲ ಎಂದು ವರದಿ ಕೊಟ್ಟ ಮೇಲೆ ಗದ್ದಲ ತಣ್ಣಗಾಯಿತು.

ಗಾಬರಿ ಸರಿಯೋ ತಪ್ಪೋ ಬಿಡಿ. ನೋಡಬೇಕಾದ್ದು ಜನ ಓಡಿ ಬಂದ ದಿಕ್ಕನ್ನು. ಹಾಸನದಲ್ಲೇ 2006ರಿಂದ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ಅದನ್ನು ದಾಟಿ, ದಾರಿಯುದ್ದಕ್ಕೂ ಬರುವ ಖಾಸಗಿ ಬೋರ್ಡುಗಳನ್ನೆಲ್ಲ ದಾಟಿ ಬಂದವರು ನಿಂತದ್ದು ಇನ್ನೊಂದು ಸರ್ಕಾರಿ ಸಂಸ್ಥೆಯ ಬಾಗಿಲಲ್ಲಿ! 'ಸರ್ಕಾರಿ ಆಸ್ಪತ್ರೆ ಅಂದ್ರೆ ಹೋಗೋದೇ ಬೇಡ' ಎನ್ನುವವರು ಇದಕ್ಕೆ ಏನು ಹೇಳುತ್ತಾರೆ? ಜಯದೇವಕ್ಕೂ ದುಡ್ಡು ಕೊಡುವುದು ವಿಧಾನಸೌಧವೇ, ಇರ್ವಿನ್ ರಸ್ತೆ ಕಡೆಯ ನಮ್ಮ ದೊಡ್ಡಾಸ್ಪತ್ರೆಗೂ ದುಡ್ಡು ಕೊಡುವುದು ವಿಧಾನಸೌಧವೇ. ಒಂದಕ್ಕೆ ಹೋಗಿ ಬಂದವರು ಕೈಮುಗಿಯುತ್ತಾರೆ. ಇನ್ನೊಂದಕ್ಕೆ ಹೋಗಿ ಬಂದವರು ಜೀವ ಉಳಿದಿದ್ದರೂ ಗೊಣಗುತ್ತಾರೆ.

ಗುಟ್ಟೇನು?

ಯಾರನ್ನೂ ವಾಪಸ್ ಕಳಿಸದ ಬಾಗಿಲು

ಜಯದೇವದಲ್ಲಿ ನೋಡುವುದು ಒಂದೇ ಅಂಗ. ಎದೆಯ ವಿಷಯವಲ್ಲದಿದ್ದರೆ ಬೇರೆ ಕಡೆ ಹೋಗಿ ಎಂದು ಹೇಳಲು ಅವರಿಗೆ ಹಕ್ಕುಂಟು. ಅದು ಸ್ವಾಯತ್ತ ಸಂಸ್ಥೆ. ಯಂತ್ರ ಕೆಟ್ಟರೆ ರಿಪೇರಿಗೆ, ಸ್ಟೆಂಟ್ ಮುಗಿದರೆ ತರಿಸುವುದಕ್ಕೆ ಸಣ್ಣಪುಟ್ಟ ಫೈಲೆಲ್ಲ ಬೆಂಗಳೂರಿನ ಮೇಜುಗಳ ಮೇಲೆ ಮಲಗಿ ಏಳಬೇಕಾಗಿಲ್ಲ. 2024ರಲ್ಲಿ ಲೋಕಸಭೆಗೆ ಹೋದ ಡಾ. ಸಿ.ಎನ್. ಮಂಜುನಾಥ್ ಹದಿನೇಳು ವರ್ಷದ ಹತ್ತಿರ ಅಲ್ಲಿ ನಿರ್ದೇಶಕರಾಗಿದ್ದರು. ಮೊದಲು ಚಿಕಿತ್ಸೆ, ದುಡ್ಡು ಆಮೇಲೆ ಎಂಬ ಮಾತನ್ನು ಆ ಮನೆಯ ರೂಢಿ ಮಾಡಿಟ್ಟು ಹೋದರು. ಒಬ್ಬನೇ ಯಜಮಾನ ಅಷ್ಟು ವರ್ಷ ಗಲ್ಲದ ಮೇಲೆ ಕೂತರೆ ಅಂಗಡಿ ಹೇಗೆ ನಡೆಯುತ್ತೆ ಎಂದು ವ್ಯಾಪಾರಸ್ಥರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ದೊಡ್ಡಾಸ್ಪತ್ರೆಯ ಹಣೆಬರಹ ಬೇರೆ. ಕೃಷ್ಣರಾಜೇಂದ್ರ ಆಸ್ಪತ್ರೆ ಮೈಸೂರು ಮೆಡಿಕಲ್ ಕಾಲೇಜಿಗೆ ಸೇರಿದ್ದು. ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ 1930ಕ್ಕೆ ಮೈಸೂರಿಗೆ ಬಂತು. 2024ಕ್ಕೆ ನೂರು ತುಂಬಿತು. ಸಾವಿರಕ್ಕೂ ಹೆಚ್ಚು ಹಾಸಿಗೆಯ ಆಸ್ಪತ್ರೆ. ಆದರೆ ಬಾಗಿಲಿಗೆ ಚಿಲಕವೇ ಇಲ್ಲ. ಹಾವು ಕಚ್ಚಿದವರು, ವಿಷ ಕುಡಿದವರು, ಸ್ಟೋವ್ ಸಿಡಿದು ಸುಟ್ಟವರು, ನಂಜನಗೂಡು ರಸ್ತೆಯಲ್ಲಿ ಲಾರಿಗೆ ಸಿಕ್ಕವರು, ಪೊಲೀಸರು ತಂದ ಹೆಸರು ಗೊತ್ತಿಲ್ಲದವರು, ಜೈಲಿನಿಂದ ಬಂದವರು, ಹುಚ್ಚುನಾಯಿ ಕಚ್ಚಿದವರು ಎಲ್ಲರೂ ಅಲ್ಲಿಗೇ. ಖಾಸಗಿಯಲ್ಲಿ ಹತ್ತು ದಿನ ಇಟ್ಟುಕೊಂಡು ಮನೆಯವರ ಕೈ ಬರಿದಾದ ಮೇಲೆ 'ಕೆ.ಆರ್.ಗೆ ಕರ್ಕೊಂಡು ಹೋಗಿ' ಅಂತ ಸಾಗಹಾಕಿದವರೂ ಅಲ್ಲಿಗೇ. ಅಂಥವರು ಅಲ್ಲಿ ಮೂರನೇ ದಿನಕ್ಕೆ ತೀರಿಕೊಂಡರೆ ಸಾವು ಬರೆಯುವುದು ಯಾರ ಖಾತೆಗೆ? ದೊಡ್ಡಾಸ್ಪತ್ರೆ ಖಾತೆಗೆ. ಹತ್ತು ದಿನದ ಬಿಲ್ಲು ಮಾತ್ರ ಬೇರೆ ಖಾತೆಗೆ.

ಆದ್ದರಿಂದ ಅಲ್ಲಿ ಎಷ್ಟು ಜನ ಸತ್ತರು, ಇಲ್ಲಿ ಎಷ್ಟು ಜನ ಸತ್ತರು ಎಂದು ಬರೀ ತಲೆ ಎಣಿಸಿ ಆಸ್ಪತ್ರೆಗಳನ್ನು ಹೋಲಿಸುವುದು ತಕ್ಕಡಿಗೆ ಕಲ್ಲು ಕಟ್ಟಿ ತೂಗಿದ ಹಾಗೆ. ಬಂದವರು ಯಾವ ಸ್ಥಿತಿಯಲ್ಲಿ ಬಂದರು ಎಂದು ಮೊದಲು ಕೇಳಬೇಕು.

ಸುತ್ತ ಮೆಡಿಕಲ್ ಕಾಲೇಜು ಕಡಿಮೆಯಾಗಿವೆಯೇ? ಮಂಡ್ಯಕ್ಕೂ ಹಾಸನಕ್ಕೂ 2006ರಲ್ಲಿ ಬಂತು. ಚಾಮರಾಜನಗರಕ್ಕೂ ಮಡಿಕೇರಿಗೂ 2016ರಲ್ಲಿ ಬಂತು. ನಾಲ್ಕೂ ಸರ್ಕಾರಿ. ಆದರೂ ರಾತ್ರಿ ಹೊತ್ತು ದೊಡ್ಡಾಸ್ಪತ್ರೆ ಕ್ಯಾಷುಯಾಲ್ಟಿ ಮುಂದೆ ನಿಲ್ಲುವ ಆಂಬ್ಯುಲೆನ್ಸುಗಳಲ್ಲಿ ಹೊರಜಿಲ್ಲೆಯವು ಕಡಿಮೆ ಇರುವುದಿಲ್ಲ. ಕಟ್ಟಡ ಕಟ್ಟುವುದು ಸುಲಭ. ನರರೋಗಕ್ಕೆ, ಸುಟ್ಟ ಗಾಯಕ್ಕೆ, ಹಸುಗೂಸಿಗೆ ಪರಿಣತರನ್ನು ಹಗಲೂ ರಾತ್ರಿ ಆ ಕಟ್ಟಡದಲ್ಲಿ ನಿಲ್ಲಿಸುವುದು ಸುಲಭವಲ್ಲ. ಮಂತ್ರಿಗಳು ರಿಬ್ಬನ್ ಕತ್ತರಿಸುವುದಕ್ಕೆ ಬರುತ್ತಾರೆ, ಖಾಲಿ ಹುದ್ದೆ ಎಣಿಸುವುದಕ್ಕೆ ಬರುವುದಿಲ್ಲ.

ಒಂಬತ್ತಕ್ಕೆ ಒಬ್ಬರು

ಈಗ ಕೈಗಳ ಲೆಕ್ಕ. ಆಸ್ಪತ್ರೆ ಎಂದರೆ ಜನ ಡಾಕ್ಟರ ಹೆಸರು ಹೇಳುತ್ತಾರೆ. ಒಳರೋಗಿಯ ಹತ್ತಿರ ದೊಡ್ಡ ಡಾಕ್ಟರು ದಿನಕ್ಕೆ ನಿಲ್ಲುವುದು ಎಷ್ಟು ಹೊತ್ತು? ಬೆಳಗಿನ ರೌಂಡ್ಸಿನಲ್ಲಿ ನಾಲ್ಕೈದು ನಿಮಿಷ. ಮಿಕ್ಕ ಹೊತ್ತೆಲ್ಲ ರೋಗಿ ಇರುವುದು ಸಿಸ್ಟರ ಕೈಯಲ್ಲಿ. ಡ್ರಿಪ್ ಮುಗಿದದ್ದನ್ನು ನೋಡುವುದು, ಉಸಿರು ಬದಲಾದದ್ದನ್ನು ಗಮನಿಸುವುದು, ಬಿ.ಪಿ. ಇಳಿದದ್ದನ್ನು ಕಂಡು ಡ್ಯೂಟಿ ಡಾಕ್ಟರನ್ನು ಎಬ್ಬಿಸುವುದು ಅವರೇ.

ಇದಕ್ಕೆ ಭಾರತೀಯ ನರ್ಸಿಂಗ್ ಪರಿಷತ್ತಿನ ಲೆಕ್ಕ ಒಂದಿದೆ. ಮೆಡಿಕಲ್ ಕಾಲೇಜಿಗೆ ಸೇರಿದ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂರು ರೋಗಿಗೆ ಒಬ್ಬ ನರ್ಸು. ಮೂರು ಪಾಳಿಗೆ ಹಂಚಿದರೆ ಪಾಳಿಗೆ ಒಂಬತ್ತು ರೋಗಿಗೆ ಒಬ್ಬರು. ಬೇರೆ ಆಸ್ಪತ್ರೆಗಳಲ್ಲಿ ಐದಕ್ಕೆ ಒಬ್ಬರು, ಅಂದರೆ ಪಾಳಿಗೆ ಹದಿನೈದಕ್ಕೆ ಒಬ್ಬರು. ಇದರ ಮೇಲೆ ರಜೆ, ಬಾಣಂತನ, ಕಾಯಿಲೆ ಅಂತ ನೂರಕ್ಕೆ 30ರಷ್ಟು ಹೆಚ್ಚುವರಿ ಜನ ಇಟ್ಟುಕೊಂಡಿರಬೇಕು. ಐ.ಸಿ.ಯು.ನಲ್ಲಿ ಒಬ್ಬರಿಗೆ ಒಬ್ಬರು.

36 ಹಾಸಿಗೆಯ ವಾರ್ಡು ಇದೆ ಅಂತ ಇಟ್ಟುಕೊಳ್ಳಿ. ಕಾಲೇಜು ಆಸ್ಪತ್ರೆಯಾದರೆ ಒಟ್ಟು 12 ನರ್ಸು, ರಜೆಯ ಲೆಕ್ಕ ಸೇರಿಸಿದರೆ 16. ಒಂದೊಂದು ಪಾಳಿಗೆ ನಾಲ್ಕು ಜನ ಕಣ್ಣಿಗೆ ಬೀಳಬೇಕು. ಹಾಸಿಗೆ 36 ಇದ್ದು ನೆಲದ ಮೇಲೆ ಚಾಪೆ ಹಾಸಿಕೊಂಡು ಇನ್ನೂ ಹತ್ತು ಜನ ಮಲಗಿದ್ದರೆ ಐದು ಜನ.

ರಾತ್ರಿ ಹತ್ತು ಗಂಟೆಗೆ ಯಾವುದಾದರೂ ವಾರ್ಡಿಗೆ ಊಟ ಕೊಡುವ ನೆಪದಲ್ಲಿ ಹೋಗಿ ಎಣಿಸಿ ನೋಡಿ. ಸರ್ಕಾರಿಯಾಗಲಿ, ಟ್ರಸ್ಟಿನದಾಗಲಿ, ಗಾಜಿನ ಬಾಗಿಲಿನ ಕಂಪನಿ ಆಸ್ಪತ್ರೆಯಾಗಲಿ ಎಣಿಕೆ ಒಂದೇ. ಮುಂದಿನ ಹಾಲಿನಲ್ಲಿ ಕೋಟು ಹಾಕಿ ನಗುವವರು ಎಷ್ಟು ಜನ ಎಂಬುದು ಈ ಲೆಕ್ಕಕ್ಕೆ ಬರೋಲ್ಲ.

ದೊಡ್ಡಾಸ್ಪತ್ರೆಯಂಥ ಕಡೆ ರಾತ್ರಿಯ ಭಾರ ಹೊರುವವರು ಹೌಸ್ ಸರ್ಜನ್‌ಗಳು, ಪಿ.ಜಿ. ಓದುವ ಹುಡುಗ ಹುಡುಗಿಯರು. ಜನ ಇವರನ್ನು ಕಂಡು 'ಕಲಿಯೋ ಹುಡುಗರು ಕೈ ಇಡ್ತಾರೆ' ಎಂದು ಮೂಗು ಮುರಿಯುತ್ತಾರೆ. ಮೂಗು ಮುರಿಯುವ ಮೊದಲು ಒಂದು ಮಾತು. ಸಣ್ಣ ನರ್ಸಿಂಗ್ ಹೋಮಿನಲ್ಲಿ ರಾತ್ರಿ ಎರಡು ಗಂಟೆಗೆ ಇರುವ ಡ್ಯೂಟಿ ಡಾಕ್ಟರು ಯಾರು, ಅವರ ಹೆಸರಿನ ಮುಂದೆ ಇರುವ ಪದವಿ ಯಾವುದು ಎಂದು ಕೇಳಿದ್ದೀರಾ? ಬೋರ್ಡಿನ ಮೇಲೆ ಹೆಸರಿರುವ ಸ್ಪೆಷಲಿಸ್ಟು ಆ ಹೊತ್ತಿನಲ್ಲಿ ಎಲ್ಲಿರುತ್ತಾರೆ, ಎಷ್ಟು ನಿಮಿಷಕ್ಕೆ ಬರುತ್ತಾರೆ? ಅಡ್ವಾನ್ಸ್ ಕಟ್ಟುವ ಮೊದಲು ಕೇಳಬೇಕಾದ ಪ್ರಶ್ನೆ ಇದು. ಕೇಳಿದರೆ ಮುಖ ಗಂಟು ಹಾಕಿಕೊಳ್ಳುವ ಕಡೆ ಉತ್ತರ ಸಿಕ್ಕಿತು ಅಂತಲೇ ತಿಳಿಯಿರಿ.

ತಾಲ್ಲೂಕಿಗೆ ಇಳಿದರೆ ಕೈಗಳ ಕೊರತೆ ಇನ್ನೂ ಘೋರ. ಸಮುದಾಯ ಆರೋಗ್ಯ ಕೇಂದ್ರ ಎಂದರೆ 30 ಹಾಸಿಗೆ. ಸರ್ಜನ್, ಫಿಸಿಷಿಯನ್, ಹೆರಿಗೆ ಡಾಕ್ಟರು, ಮಕ್ಕಳ ಡಾಕ್ಟರು ಹೀಗೆ ನಾಲ್ಕು ಮಂದಿ ಸ್ಪೆಷಲಿಸ್ಟರು ಇರಬೇಕೆಂಬುದು ನಿಯಮ. ಕೇಂದ್ರ ಸರ್ಕಾರವೇ ಹೊರಡಿಸಿದ 2021-22ರ ಗ್ರಾಮೀಣ ಆರೋಗ್ಯ ಅಂಕಿಅಂಶದ ಪ್ರಕಾರ ದೇಶದ ಹಳ್ಳಿಗಾಡಿನ ಇಂಥ ಕೇಂದ್ರಗಳಲ್ಲಿ ಸ್ಪೆಷಲಿಸ್ಟರ ಕೊರತೆ ಬೇಕಾದ್ದರಲ್ಲಿ ನೂರಕ್ಕೆ 79.5. ಐದು ಕುರ್ಚಿಯಲ್ಲಿ ನಾಲ್ಕು ಖಾಲಿ! ಇರುವ ನರ್ಸು, ಟೆಕ್ನೀಷಿಯನ್ನುಗಳಲ್ಲಿ ಬಹಳ ಜನ ಗುತ್ತಿಗೆಯವರು. ಕಾಯಂ ಮಾಡಿ ಎಂದು 2023ರ ಫೆಬ್ರುವರಿಯಲ್ಲಿ ರಾಜ್ಯದ ಆರೋಗ್ಯ ಅಭಿಯಾನದ ಗುತ್ತಿಗೆ ನೌಕರರು ಬೆಂಗಳೂರಿನಲ್ಲಿ ಧರಣಿ ಕೂತದ್ದು ಓದುಗರಿಗೆ ನೆನಪಿರಬಹುದು. ನಾಳೆ ಕೆಲಸ ಇದೆಯೋ ಇಲ್ಲವೋ ಗೊತ್ತಿಲ್ಲದವರಿಂದ ನಗುಮುಖ ನಿರೀಕ್ಷಿಸುವುದು ಕಷ್ಟವೇ.

ಇಷ್ಟರ ನಡುವೆಯೂ ನಡೆದು ತೋರಿಸಿದ ಉದಾಹರಣೆ ನಮ್ಮ ಜಿಲ್ಲೆಯಲ್ಲೇ ಇದೆ. 1984ರಲ್ಲಿ ಇದೇ ಮೈಸೂರು ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಗಳು ಡಾ. ಆರ್. ಬಾಲಸುಬ್ರಹ್ಮಣ್ಯಂ ಅವರ ಮುಂದಾಳತ್ವದಲ್ಲಿ ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್, ಹೆಗ್ಗಡದೇವನಕೋಟೆ ಕಡೆಯ ಕಾಡಂಚಿಗೆ ಹೋಗಿ ಜೇನುಕುರುಬ, ಕಾಡುಕುರುಬರಿಗೆ ಆಸ್ಪತ್ರೆ ನಡೆಸಿತು. ಸರಗೂರಿನಲ್ಲಿ ಇಂದಿಗೂ ನಡೆಯುತ್ತಿದೆ. ಡಾಕ್ಟರುಗಳು ಹಳ್ಳಿಗೆ ಹೋಗುವುದೇ ಇಲ್ಲ ಎಂಬ ಮಾತು ಪೂರ್ತಿ ನಿಜವಲ್ಲ. ಸಂಬಳದ ಜೊತೆಗೆ ಹೋದವರಿಗೆ ಮನೆ, ಮಕ್ಕಳಿಗೆ ಶಾಲೆ, ಕೈಗೆ ಸಲಕರಣೆ ಬೇಕು. ಬರೀ ಆರ್ಡರ್ ಕಾಪಿ ಕೊಟ್ಟು ಬಸ್ ಹತ್ತಿಸಿದರೆ ಅವರು ವರ್ಗಾವಣೆ ಅರ್ಜಿ ಜೇಬಲ್ಲಿಟ್ಟುಕೊಂಡೇ ಹೋಗುತ್ತಾರೆ.

ಎಪಿಎಲ್ ಕಾರ್ಡಿನವರ ಪಾಡು

ದುಡ್ಡಿನ ವಿಷಯಕ್ಕೆ ಬರೋಣ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆ ದೇಶದಾದ್ಯಂತ ಕೇಳಿದಾಗ, ಹೆರಿಗೆ ಬಿಟ್ಟು ಒಂದು ಸಲ ಆಸ್ಪತ್ರೆಗೆ ಸೇರಿದ್ದಕ್ಕೆ ಸರಾಸರಿ ಖರ್ಚು ಸರ್ಕಾರಿಯಲ್ಲಿ 4,452 ರೂಪಾಯಿ, ಖಾಸಗಿಯಲ್ಲಿ 31,845 ರೂಪಾಯಿ. ಏಳು ಪಟ್ಟು. ಇದು ಏಳೆಂಟು ವರ್ಷದ ಹಿಂದಿನ ಲೆಕ್ಕ. ಈಗ ಆ ದುಡ್ಡಿಗೆ ಏನು ಬರುತ್ತೆ ಎಂದು ದಿನಸಿ ಅಂಗಡಿಯವರಿಗೆ ಹೇಳಬೇಕಾಗಿಲ್ಲ.

ಗಮನಿಸಬೇಕಾದ್ದು ಆ ನಾಲ್ಕೂವರೆ ಸಾವಿರವನ್ನು. ಪುಕ್ಕಟೆ ಎಂದ ಮೇಲೆ ಅದು ಎಲ್ಲಿ ಹೋಯಿತು? ಹೊರಗಿನ ಅಂಗಡಿಯ ಔಷಧಿ ಚೀಟಿಗೆ, ಒಳಗಿನ ಯಂತ್ರ ಕೆಟ್ಟಿದೆ ಎಂದು ಹೊರಗೆ ಮಾಡಿಸಿದ ಸ್ಕ್ಯಾನಿಂಗಿಗೆ, ತಳ್ಳುಗಾಡಿ ತಳ್ಳಿದವರ ಟೀ ಕಾಸಿಗೆ. 2024ರ ನವೆಂಬರಿನಲ್ಲಿ ಬೆಂಗಳೂರಿನ ವಿಕ್ಟೋರಿಯಾ ಮತ್ತಿತರ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಹೊರರೋಗಿ ಚೀಟಿ 10ರಿಂದ 20 ರೂಪಾಯಿಗೆ, ಒಳರೋಗಿ ಚೀಟಿ 25ರಿಂದ 50ಕ್ಕೆ ಏರಿದಾಗ ಎಲ್ಲ ಪಕ್ಷದವರೂ ಗಂಟಲು ಹರಿದುಕೊಂಡರು. ಸರಿ, ಬಡವನಿಗೆ ಹತ್ತು ರೂಪಾಯಿಯೂ ದುಡ್ಡೇ. ಆದರೆ ಅದೇ ಬಡವನ ಕೈಗೆ 'ಹೊರಗಡೆ ತಗೊಂಡ್ ಬಾ' ಎಂದು ಚೀಟಿ ಕೊಡುವಾಗ ಗಂಟಲು ಹರಿದುಕೊಂಡವರು ಯಾರೂ ಕಾಣಲಿಲ್ಲ. 2025ರ ಮೇ ತಿಂಗಳಲ್ಲಿ ಸರ್ಕಾರಿ ಆಸ್ಪತ್ರೆ ಆವರಣದ ಜನೌಷಧಿ ಅಂಗಡಿಗಳನ್ನು ಮುಚ್ಚಿಸಲು ರಾಜ್ಯ ಸರ್ಕಾರ ಹೊರಟಾಗ ಹೇಳಿದ ಕಾರಣವೂ ಇದೇ: ಒಳಗೇ ಪುಕ್ಕಟೆ ಕೊಡುವಾಗ ಹೊರಗೆ ಅಂಗಡಿ ಏಕೆ? ಒಳಗೆ ಸ್ಟಾಕ್ ಇದ್ದರೆ ಆ ಮಾತಿಗೆ ಬೆಲೆ. ಆ ವಿಷಯ ಹೈಕೋರ್ಟ್ ಮೆಟ್ಟಿಲು ಹತ್ತಿತು.

ಖಾಸಗಿಯ ಬಿಲ್ಲಿನಿಂದ ಕಾಪಾಡಲು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಇದೆಯಲ್ಲ ಎನ್ನಬಹುದು. 2018ರಲ್ಲಿ ಬಂದ ಈ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ನಿಗದಿಯಾದ ಪ್ಯಾಕೇಜ್ ದರದ ನೂರಕ್ಕೆ 30 ಭಾಗ ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಮಿಕ್ಕ 70 ಭಾಗ ಸ್ವಂತ ಜೇಬಿನಿಂದ.

ಈ ಎಪಿಎಲ್ ಕಾರ್ಡಿನವರು ಯಾರು? ಎಲ್ಲರೂ ಕಾರಿನಲ್ಲಿ ಓಡಾಡುವವರೇ? ದೇವರಾಜ ಅರಸು ರಸ್ತೆಯ ಹಿಂದಿನ ಓಣಿಯ ಟೈಲರಿಂಗ್ ಅಂಗಡಿ, ಮಂಡಿ ಮೊಹಲ್ಲಾದ ಹಾರ್ಡ್‌ವೇರ್ ಅಂಗಡಿ, ಅಗ್ರಹಾರದ ಸ್ಟೇಷನರಿ ಅಂಗಡಿಯವರನ್ನು ವಿಚಾರಿಸಿ ನೋಡಿ. ಜಿ.ಎಸ್.ಟಿ. ನಂಬರು ಇದೆ, ಲೈಸೆನ್ಸ್ ಇದೆ, ಬ್ಯಾಂಕಿನಲ್ಲಿ ಓಡಿ ಸಾಲವೂ ಇದೆ. ಬಿಪಿಎಲ್ ಕಾರ್ಡು ಸಿಗೋಲ್ಲ. ಇನ್ಶೂರೆನ್ಸ್ ಕಂತು ಈ ವರ್ಷ ಕಟ್ಟಿದರೆ ಬರುವ ವರ್ಷ ಬಿಟ್ಟುಹೋಗುತ್ತೆ. ಹೀಗೆ ಬಡವರ ಸಾಲಿಗೂ ಸೇರದ, ಶ್ರೀಮಂತರ ಸಾಲಿಗೂ ಸೇರದ ಮನೆಗೆ ಒಂದು ಬೈಪಾಸ್ ಬಂತೆಂದರೆ ಅಂಗಡಿಯ ಸ್ಟಾಕೇ ಕರಗಿಹೋಗುತ್ತದೆ. ಆರೋಗ್ಯದ ಬಜೆಟ್ ಚರ್ಚೆಗಳಲ್ಲಿ ಈ ಮನೆಗಳ ಮಾತು ಯಾರೂ ಎತ್ತುವುದಿಲ್ಲ.

ವಿಚಿತ್ರ ಏನೆಂದರೆ ಎಷ್ಟೋ ಅಂಗಡಿಗಳಲ್ಲಿ ಯಜಮಾನರಿಗಿಂತ ಕೆಲಸದ ಹುಡುಗನಿಗೇ ರಕ್ಷಣೆ ಹೆಚ್ಚು. ಹತ್ತು ಜನ ಕೆಲಸಗಾರರಿರುವ ಅಂಗಡಿಗೆ ಇ.ಎಸ್.ಐ. ಅನ್ವಯಿಸುತ್ತದೆ. 21,000 ರೂಪಾಯಿವರೆಗೆ ಸಂಬಳದವರಿಗೆ, ಅವರ ಮನೆಯವರಿಗೆ ಚಿಕಿತ್ಸೆ ಉಂಟು. ಕೆಲಸಗಾರನ ಪಾಲು ಸಂಬಳದ ನೂರಕ್ಕೆ 0.75, ಯಜಮಾನನ ಪಾಲು 3.25. ಲೆಕ್ಕಪುಸ್ತಕದಲ್ಲಿ ಒಂಬತ್ತೇ ಹೆಸರು ಬರೆದು ಪಾಲು ಉಳಿಸಿಕೊಳ್ಳುವವರೂ ಉಂಟು ಬಿಡಿ. ಆ ಹತ್ತನೆಯವನು ಕಾಲು ಮುರಿದುಕೊಂಡ ದಿನ ಉಳಿತಾಯವೆಲ್ಲ ವಸೂಲಾಗುತ್ತದೆ.

ಹಳ್ಳಿ ಕಡೆಯ ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಇದೆ. 2018ರಲ್ಲಿ ನಿಂತುಹೋಗಿದ್ದು 2023ರ ಜನವರಿಯಲ್ಲಿ ಮತ್ತೆ ಶುರುವಾಯಿತು. ಆಗ ಗೊತ್ತು ಮಾಡಿದ ಕಂತು ನಾಲ್ಕು ಜನರ ಹಳ್ಳಿ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ. ಹಾಲಿನ ಡೇರಿಯಲ್ಲಿ ಸದಸ್ಯರಾಗಿದ್ದೂ ಹೆಸರು ನೋಂದಾಯಿಸದೆ ಬಿಟ್ಟವರು ಆಮೇಲೆ ಪರದಾಡುತ್ತಾರೆ.

ಕಾರ್ಡಿದ್ದರೂ ಒಂದು ತೊಡಕುಂಟು. ಆರೋಗ್ಯ ಕರ್ನಾಟಕದಲ್ಲಿ ನೇರ ಖಾಸಗಿಗೆ ಹೋಗಿ ಕಾರ್ಡು ತೋರಿಸಿದರೆ ನಡೆಯೋಲ್ಲ. ಇಲ್ಲಿ ಆಗುವುದಿಲ್ಲ ಎಂದು ಸರ್ಕಾರಿ ಆಸ್ಪತ್ರೆ ರೆಫರಲ್ ಚೀಟಿ ಬರೆದುಕೊಡಬೇಕು. ಪಟ್ಟಿಯಲ್ಲಿರುವ 1,650 ಚಿಕಿತ್ಸೆಗಳಲ್ಲಿ ತುರ್ತು ಎಂದು ಗುರುತಿಸಿದ 169ಕ್ಕೆ ಮಾತ್ರ ಚೀಟಿ ಬೇಡ. ಮೊದಲು ಖಾಸಗಿಗೆ ಸೇರಿಸಿ ಅಡ್ವಾನ್ಸ್ ಕಟ್ಟಿ, ಆಮೇಲೆ ಕಾರ್ಡು ಹುಡುಕುವವರು ಕೈ ಸುಟ್ಟುಕೊಳ್ಳುವುದು ಇಲ್ಲಿಯೇ.

ಸ್ಟೆಂಟ್ ಅಗ್ಗ, ರೂಮು ದುಬಾರಿ

ದರ ಕಡಿವಾಣ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ 2017ರ ಫೆಬ್ರುವರಿಯ ಪ್ರಸಂಗ ನೋಡಬೇಕು. ಲಕ್ಷ ರೂಪಾಯಿ ದಾಟುತ್ತಿದ್ದ ಔಷಧ ಲೇಪಿತ ಸ್ಟೆಂಟಿಗೆ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ 29,600 ರೂಪಾಯಿ ಮಿತಿ ಹಾಕಿತು. ಆಮೇಲೆ ಸಗಟು ಬೆಲೆ ಸೂಚ್ಯಂಕದಂತೆ ವರ್ಷ ವರ್ಷ ಚೂರು ಏರುತ್ತ ಬಂದಿದೆ. ಯಾವ ಸ್ಟೆಂಟ್ ಕಂಪನಿಯೂ ಬಾಗಿಲು ಹಾಕಿಕೊಂಡು ಹೋಗಲಿಲ್ಲ. ಆದರೆ ಮಿತಿ ಬಿದ್ದದ್ದು ಸ್ಟೆಂಟಿಗೆ. ರೂಮು ಬಾಡಿಗೆ, ಥಿಯೇಟರ್ ಚಾರ್ಜು, ಡಾಕ್ಟರ ಫೀಸಿಗೆ ಬೀಳಲಿಲ್ಲ. ತೆಂಗಿನಕಾಯಿಗೆ ರೇಟು ಕಟ್ಟಿ ಪೂಜೆ ದಕ್ಷಿಣೆ ಮುಕ್ತವಾಗಿ ಬಿಟ್ಟ ಹಾಗೆ.

ಹೆರಿಗೆಯ ಅಂಕಿಯೂ ಮಾತಾಡುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳ ಹೆರಿಗೆಯಲ್ಲಿ ನೂರಕ್ಕೆ 22.6 ಸಿಸೇರಿಯನ್. ಖಾಸಗಿಯಲ್ಲಿ 52.5. ಅದೇ ರಾಜ್ಯ, ಅದೇ ಊಟ ಉಂಡ ಹೆಣ್ಣುಮಕ್ಕಳು. ಕಷ್ಟದ ಹೆರಿಗೆಗಳು ಖಾಸಗಿಗೆ ಹೆಚ್ಚು ಹೋಗುತ್ತವೆ ಎಂದು ಸಮಜಾಯಿಷಿ ಕೊಡುವವರಿದ್ದಾರೆ. ನಮ್ಮಲ್ಲಿ ಕಷ್ಟದ ಕೇಸುಗಳು ಕೊನೆಗೆ ಬಂದು ಸೇರುವುದು ಚೆಲುವಾಂಬ ಆಸ್ಪತ್ರೆಗೆ ಎಂಬುದು ಮೈಸೂರಿನ ಯಾವ ಸೂಲಗಿತ್ತಿಯ ಮೊಮ್ಮಗಳಿಗೂ ಗೊತ್ತು.

ತೃಪ್ತಿ ಎಂಬ ಮಾಯೆ

ಇನ್ನು ಹೋಗಿ ಬಂದವರ ಮಾತು. ಅದೇ ಸಮೀಕ್ಷೆಯ ಪ್ರಕಾರ ದೇಶದ ಸುಮಾರು ಅರ್ಧದಷ್ಟು ಮನೆಯವರು ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಗೆ ಹೋಗುವುದಿಲ್ಲ. ಚಿಕಿತ್ಸೆ ಸರಿಯಿಲ್ಲ, ಕಾಯಬೇಕು, ಹತ್ತಿರದಲ್ಲಿಲ್ಲ ಎಂಬುವು ಮುಖ್ಯ ಕಾರಣಗಳು. ಸರ್ಕಾರ 2016ರಲ್ಲಿ ರೋಗಿಗಳ ಮೊಬೈಲಿಗೆ ಸಂದೇಶ ಕಳಿಸಿ ಅಭಿಪ್ರಾಯ ಕೇಳುವ 'ಮೇರಾ ಅಸ್ಪತಾಲ್' ವ್ಯವಸ್ಥೆಯನ್ನೂ ತಂದಿತು. ಖಾಸಗಿಯವರು ಡಿಸ್ಚಾರ್ಜ್ ದಿನ ಫಾರಂ ಕೊಡುತ್ತಾರೆ. ಬಿಲ್ಲು ಕಟ್ಟಿ, ಆಟೋ ಕಾಯಿಸಿಕೊಂಡು ನಿಂತವರು ಎಲ್ಲ ಗೆರೆಗೂ 'ಉತ್ತಮ' ಎಂದು ಟಿಕ್ ಹಾಕಿ ಓಡುತ್ತಾರೆ. ತೀರಿಹೋದವರಂತೂ ಯಾವ ಫಾರಮ್ಮೂ ತುಂಬುವುದಿಲ್ಲ.

ಜನ ತೃಪ್ತಿ ಎನ್ನುವುದು ಬಹಳ ಮಟ್ಟಿಗೆ ಕಕ್ಕಸು ಚೊಕ್ಕಟವಿತ್ತೇ, ಗದರಿಸದೆ ಮಾತಾಡಿದರೇ, ಜೊತೆಗೆ ಬಂದವರಿಗೆ ಕೂರಲು ಜಾಗವಿತ್ತೇ ಎಂಬುದನ್ನು. ಇವು ಸಣ್ಣ ವಿಷಯವಲ್ಲ. ಹುಣಸೂರು ಕಡೆಯಿಂದ ಬಂದ ಮುದುಕಿಯ ಮಗ ರಾತ್ರಿ ವರಾಂಡದ ಕಲ್ಲಿನ ಮೇಲೆ ಟವೆಲ್ ಹಾಸಿ ಮಲಗಬೇಕಾದರೆ, ತಾಯಿಗೆ ಎಷ್ಟೇ ಒಳ್ಳೇ ಚಿಕಿತ್ಸೆ ಸಿಕ್ಕಿದ್ದರೂ ಅವನು ಊರಿಗೆ ಹೋಗಿ ಹೇಳುವುದು ಕಲ್ಲಿನ ಕಥೆಯನ್ನೇ. ದೊಡ್ಡಾಸ್ಪತ್ರೆಗೆ ಅರ್ಧ ಕೆಟ್ಟ ಹೆಸರು ಬಂದಿರುವುದು ಡಾಕ್ಟರುಗಳಿಂದಲ್ಲ. ವರಾಂಡದಿಂದ, ನಲ್ಲಿಯಿಂದ, 'ಏಯ್ ಆಕಡೆ ಹೋಗಮ್ಮ' ಎನ್ನುವ ಕೌಂಟರಿನಿಂದ. ಇದನ್ನು ಸರಿ ಮಾಡಲು ಸೂಪರ್ ಸ್ಪೆಷಾಲಿಟಿ ಬ್ಲಾಕೇನೂ ಬೇಕಾಗಿಲ್ಲ.

ಆದರೆ ನಗುಮುಖವೇ ಚಿಕಿತ್ಸೆಯಲ್ಲ. ಹೊಳೆಯುವ ನೆಲಕ್ಕೂ ಬದುಕಿ ಬರುವುದಕ್ಕೂ ಸಂಬಂಧ ಕಡಿಮೆ. 2021ರ ಮೇ 2ರ ರಾತ್ರಿಯಿಂದ ಮಾರನೇ ಬೆಳಗಿನೊಳಗೆ ಚಾಮರಾಜನಗರ ಜಿಲ್ಲಾಸ್ಪತ್ರೆಯಲ್ಲಿ 24 ಜನ ಕೊನೆಯುಸಿರೆಳೆದರು. ಆಸ್ಪತ್ರೆ ಇತ್ತು. ಹಾಸಿಗೆ ಇತ್ತು. ಮೆಡಿಕಲ್ ಕಾಲೇಜೂ ಇತ್ತು. ಆಕ್ಸಿಜನ್ ಇರಲಿಲ್ಲ. ಹೈಕೋರ್ಟ್ ನೇಮಿಸಿದ, ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲಗೌಡರ ಸಮಿತಿಯೂ ಆಕ್ಸಿಜನ್ ಕೊರತೆಯತ್ತಲೇ ಬೆರಳು ತೋರಿತು. ಯಾವ ತೃಪ್ತಿ ಫಾರಮ್ಮಿನಲ್ಲೂ 'ಸಿಲಿಂಡರ್ ಎಷ್ಟು ಗಂಟೆಗೆ ಖಾಲಿಯಾಗುತ್ತೆ?' ಎಂಬ ಪ್ರಶ್ನೆ ಇರುವುದಿಲ್ಲ.

ದಾಟಿ ಬರುವ ಮೊದಲು

ಹೆಸರುವಾಸಿ ಆಸ್ಪತ್ರೆಯ ಹುಚ್ಚಿನಿಂದ ಆಗುವ ಇನ್ನೊಂದು ಅಪಾಯ ಹೇಳದೆ ಬಿಡುವಂತಿಲ್ಲ. ಎದೆನೋವು ಬಂದವರನ್ನು ಪಿರಿಯಾಪಟ್ಟಣದಿಂದಲೋ ಕೊಳ್ಳೇಗಾಲದಿಂದಲೋ ನೇರ ಮೈಸೂರಿಗೆ ಹೊತ್ತು ತರುವವರು, ದಾರಿಯಲ್ಲಿ ಬರುವ ತಾಲ್ಲೂಕು ಆಸ್ಪತ್ರೆಯನ್ನು ಕಣ್ಣೆತ್ತಿಯೂ ನೋಡುವುದಿಲ್ಲ. 2021ರ ಅಕ್ಟೋಬರ್ 29ರಂದು ತೀರಿಕೊಂಡ ನಟ ಪುನೀತ್ ರಾಜಕುಮಾರ್ ಹೆಸರಿನಲ್ಲಿ ರಾಜ್ಯ ಸರ್ಕಾರ 2023ರಲ್ಲಿ ಹೃದಯ ಜ್ಯೋತಿ ಯೋಜನೆ ತಂದಿತು. ಯೋಜನೆಗೆ ಸೇರಿದ ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ಇ.ಸಿ.ಜಿ. ತೆಗೆದು ಜಯದೇವದಂಥ ದೊಡ್ಡ ಕೇಂದ್ರದ ಪರಿಣತರಿಗೆ ಕಳಿಸುತ್ತಾರೆ. ಹೃದಯಾಘಾತ ಖಚಿತವಾದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನು ಅಲ್ಲೇ ಕೊಡುತ್ತಾರೆ. ಹೊರಗೆ 30 ಸಾವಿರ ದಾಟುವ ಇಂಜೆಕ್ಷನ್ನು, ಅಲ್ಲಿ ಪುಕ್ಕಟೆ. ಆಮೇಲೆ ಮೈಸೂರಿಗೆ ಕಳಿಸುತ್ತಾರೆ. ಎದೆನೋವಿನಲ್ಲಿ ಮೊದಲ ಗಂಟೆಯೇ ಬಂಗಾರ. ಅದನ್ನು ಟೋಲ್ ಗೇಟಿನಲ್ಲಿ ಕಳೆದು ಬಂದವರಿಗೆ ಎಂಥ ದೊಡ್ಡ ಡಾಕ್ಟರೂ ವಾಪಸ್ ಕೊಡಲಾರರು. ತಮ್ಮ ತಾಲ್ಲೂಕಿನ ಆಸ್ಪತ್ರೆ ಈ ಯೋಜನೆಯಲ್ಲಿದೆಯೇ ಎಂದು ಬಸ್ಸಿಗೆ ಕಾಯುವ ಹೊತ್ತಿನಲ್ಲಿ ಒಮ್ಮೆ ವಿಚಾರಿಸಿಟ್ಟುಕೊಂಡರೆ ನಷ್ಟವೇನಿಲ್ಲ.

ಬೋರ್ಡು ಎಲ್ಲಿ ಸ್ವಾಮಿ?

ಹೋಟೆಲಿನವರು ಇಡ್ಲಿಯ ದರ ಬೋರ್ಡಿನ ಮೇಲೆ ಬರೆಯಬೇಕು. ನ್ಯಾಯಬೆಲೆ ಅಂಗಡಿಯವರು ಸ್ಟಾಕು ಬರೆಯಬೇಕು. ಬರೆಯದಿದ್ದರೆ ಇನ್ಸ್‌ಪೆಕ್ಟರು ಬಂದು ಕೂರುತ್ತಾರೆ. ಖಾಸಗಿ ಆಸ್ಪತ್ರೆಗಳಿಗೂ ಇಂಥ ಕಾನೂನು ಇದೆ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅದಕ್ಕೆ 2017ರ ತಿದ್ದುಪಡಿ. ಆಗ ಆರೋಗ್ಯ ಮಂತ್ರಿಯಾಗಿದ್ದ ಕೆ.ಆರ್. ರಮೇಶ್ ಕುಮಾರ್ ಬಿಗಿ ಮಸೂದೆಯನ್ನೇ ತಂದರು. ಅದೇ ನವೆಂಬರಿನಲ್ಲಿ ಬೆಳಗಾವಿ ಅಧಿವೇಶನದ ಹೊತ್ತಿಗೆ ಖಾಸಗಿ ಡಾಕ್ಟರುಗಳು ರಾಜ್ಯದಾದ್ಯಂತ ಓಪಿಡಿ ಮುಚ್ಚಿ ಕೂತರು. ಮಸೂದೆ ಮೆತ್ತಗಾಗಿ ಪಾಸಾಯಿತು.

ಮೆತ್ತಗಾದರೂ ಹಲ್ಲು ಪೂರ್ತಿ ಉದುರಿಲ್ಲ. ದರಪಟ್ಟಿ ರೋಗಿಗಳ ಕಣ್ಣಿಗೆ ಕಾಣಬೇಕು. ತುರ್ತು ಸಂದರ್ಭದಲ್ಲಿ ಅಡ್ವಾನ್ಸ್ ಕಟ್ಟಿದರೇನೇ ಒಳಗೆ ಎಂದು ಹಟ ಹಿಡಿಯುವಂತಿಲ್ಲ. ಬಾಕಿ ಇದೆ ಎಂದು ಹೆಣ ಹಿಡಿದಿಟ್ಟುಕೊಳ್ಳುವಂತಿಲ್ಲ. ಹೆಣ ಕೊಟ್ಟು ಬಾಕಿಯನ್ನು ಆಮೇಲೆ ವಸೂಲು ಮಾಡಿಕೊಳ್ಳಬೇಕು. ಎಷ್ಟು ಮನೆಯವರಿಗೆ ಇದು ಗೊತ್ತು? ತಾಳಿ ಅಡವಿಟ್ಟು ಹೆಣ ಬಿಡಿಸಿಕೊಂಡ ಸುದ್ದಿ ಈಗಲೂ ಕಿವಿಗೆ ಬೀಳುತ್ತಲೇ ಇರುತ್ತದಲ್ಲ.

ದೂರು ಕೇಳಲು ಜಿಲ್ಲೆಗೊಂದು ಪ್ರಾಧಿಕಾರವನ್ನೂ ಕಾಯ್ದೆ ಮಾಡಿದೆ. ಜಿಲ್ಲಾಧಿಕಾರಿ ಅದರ ಅಧ್ಯಕ್ಷರು, ಜಿಲ್ಲಾ ಆರೋಗ್ಯಾಧಿಕಾರಿ ಕಾರ್ಯದರ್ಶಿ. ಆಸ್ಪತ್ರೆಗೆ ಲೈಸೆನ್ಸ್ ನೋಂದಣಿ ಮಾಡುವವರೂ ಇವರೇ, ದೂರು ಕೇಳುವವರೂ ಇವರೇ. ಅಲ್ಲಿಗೆ ಹೋಗುವವರು ಐಟಂವಾರು ಬಿಲ್ಲು, ಡಿಸ್ಚಾರ್ಜ್ ಸಮ್ಮರಿ ಎರಡನ್ನೂ ಕೇಳಿ ಪಡೆದು ಎತ್ತಿಟ್ಟುಕೊಂಡಿರಬೇಕು. ಒಂದೇ ಸಾಲಿನಲ್ಲಿ ಒಟ್ಟು ಮೊತ್ತ ಬರೆದುಕೊಟ್ಟ ಚೀಟಿ ಹಿಡಿದುಕೊಂಡು ಹೋದರೆ ಯಾವುದಕ್ಕೆ ಎಷ್ಟು ಹಾಕಿದರು ಎಂದು ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ.